ಪಾದಚಾರಿಯ ರಕ್ಷಣೆಯಲ್ಲಿ ಆರಕ್ಷಕರ ಪಾತ್ರ

ಶಾಲೆಯ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ನಮ್ಮ ವಿದ್ಯಾಸಂಸ್ಥೆಯ ಮಹಾದ್ವಾರದ ಬಳಿ ನಿಂತು ನೋಡುವವರಿಗೆ ಒಂದು ದೃಶ್ಯ ಕಾಣುತ್ತದೆ. ರಸ್ತೆಯ ಆಚೆಯ ಬದಿಯಲ್ಲಿ ಮೂವತ್ತು ನಲವತ್ತು ಮಕ್ಕಳು ಬೆನ್ನಿಗೆ ಪುಸ್ತಕದ ಚೀಲ ಹೊತ್ತು ನಿಂತಿರುತ್ತಾರೆ. ಈಚೆಗೆ ಶಾಲೆ, ನಡುವೆ ತುಂಬಿದ ಹೊಳೆಯಂತೆ ಹರಿಯುವ ವಾಹನಗಳು. ಆಗ ಒಬ್ಬ ಪೇದೆ ರಸ್ತೆಯ ಮಧ್ಯಕ್ಕೆ ಬಂದು ಬಲಗೈಯನ್ನೆತ್ತಿ ಅಂಗೈಯನ್ನು ತೋರುತ್ತಾರೆ. ಹತ್ತಾರು ಟನ್ನು ಭಾರ ಹೊತ್ತ ಲಾರಿಯೂ ನಿಲ್ಲುತ್ತದೆ. ಮಕ್ಕಳು ಒಬ್ಬರ ಕೈಯನ್ನೊಬ್ಬರು ಹಿಡಿದು ದಾಟುತ್ತಾರೆ. ಒಂದು ನಿಮಿಷವೂ ಹಿಡಿಯದ ಈ ಕಾರ್ಯವನ್ನು ನಾವು ದಿನವೂ ನೋಡುತ್ತೇವೆ. ದಿನವೂ ನೋಡುವುದರಿಂದಲೇ ಅದರ ಕಡೆಗೆ ನಮ್ಮ ಗಮನ ಹರಿಯುವುದಿಲ್ಲ.

ಆ ಎತ್ತಿದ ಕೈಯಲ್ಲಿರುವ ಬಲ ಯಾವುದು? ಅದು ತೋಳಿನ ಬಲವಲ್ಲ. ಅಂತಹ ಹತ್ತು ತೋಳುಗಳೂ ಒಂದು ಲಾರಿಯನ್ನು ತಡೆಯಲಾರವು. ಅದು ಕಾನೂನಿನ ಬಲ. ದುರ್ಬಲನಿಗೂ ದಾರಿಯಲ್ಲಿ ಪಾಲುಂಟೆಂದು ಸಮಾಜವು ಒಪ್ಪಿಕೊಂಡ ಮಾತಿನ ಬಲ. ಆ ಮಾತು ಗ್ರಂಥದಲ್ಲಿ ಅಕ್ಷರವಾಗಿರುತ್ತದೆ; ಬೀದಿಯಲ್ಲಿ ಆರಕ್ಷಕನ ಕೈಯಾಗಿ ಮೈದಾಳುತ್ತದೆ. ಪಾದಚಾರಿಗಳ ರಕ್ಷಣೆಯಲ್ಲಿ ಆರಕ್ಷಕರ ಕರ್ತವ್ಯವೇನು, ಅದರ ವ್ಯಾಪ್ತಿಯೆಷ್ಟು, ಅದಕ್ಕೆ ನಮ್ಮ ಕಡೆಯಿಂದ ಸಲ್ಲಬೇಕಾದುದೇನು ಎಂಬುದನ್ನು ಈ ಸಂಚಿಕೆಯ ಓದುಗರಾದ ಅಧ್ಯಾಪಕ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ನಿವೇದಿಸುವುದು ಈ ಲೇಖನದ ಉದ್ದೇಶ.

ಪದವಿಚಾರ

ಭಾಷಾಪಂಡಿತನಾದವನು ಮೊದಲು ಪದದ ಬಾಗಿಲನ್ನೇ ತಟ್ಟುತ್ತಾನೆ. ‘ಪೊಲೀಸ್’ ಎಂಬ ಅನ್ಯಭಾಷೆಯ ಶಬ್ದಕ್ಕೆ ನಮ್ಮ ನಾಡಿನಲ್ಲಿ ‘ಆರಕ್ಷಕ’ ಎಂಬ ಶಬ್ದವನ್ನು ಬಳಕೆಗೆ ತಂದಿದ್ದೇವೆ. ‘ರಕ್ಷ್’ ಎಂಬ ಧಾತುವಿಗೆ ಕಾಪಾಡು ಎಂದರ್ಥ. ಅದಕ್ಕೆ ‘ಆ’ ಎಂಬ ಉಪಸರ್ಗ ಸೇರಿದಾಗ ಸುತ್ತಲಿಂದಲೂ ಕಾಪಾಡುವವನು ಎಂಬ ಭಾವ ಬರುತ್ತದೆ. ಈ ಶಬ್ದದಲ್ಲಿ ದಂಡವಿಲ್ಲ, ಬಂಧನವಿಲ್ಲ, ಭಯವಿಲ್ಲ, ಇರುವುದು ರಕ್ಷಣೆಯೊಂದೇ. ದಂಡವೂ ಬಂಧನವೂ ಆ ರಕ್ಷಣೆಗೆ ಸಾಧನಗಳೇ ಹೊರತು ಸಾಧ್ಯವಲ್ಲ.

ಇನ್ನು ‘ಹೆದ್ದಾರಿ’ ಎಂಬ ಪದವನ್ನು ನೋಡೋಣ. ಹಿರಿದು ಆದ ದಾರಿ ಹೆದ್ದಾರಿ. ಹಿರಿದಾದದ್ದು ದಾರಿಯೇ ಹೊರತು ಅದರ ಮೇಲೆ ಓಡುವ ವಾಹನವಲ್ಲ. ಆದರೆ ವ್ಯವಹಾರದಲ್ಲಿ ವಾಹನ ಹಿರಿದಾಯಿತು, ನಡೆಯುವವನು ಕಿರಿದಾದನು. ಕಾಲುದಾರಿ ಬಂಡಿದಾರಿಯಾಗಿ, ಬಂಡಿದಾರಿ ರಸ್ತೆಯಾಗಿ, ರಸ್ತೆ ಹೆದ್ದಾರಿಯಾಗಿ ಬೆಳೆದ ಈ ದೀರ್ಘ ಚರಿತ್ರೆಯಲ್ಲಿ ಪ್ರತಿ ಮೆಟ್ಟಿಲಿನಲ್ಲಿಯೂ ಪಾದಚಾರಿ ಒಂದೊಂದು ಹೆಜ್ಜೆ ಅಂಚಿಗೆ ಸರಿಯುತ್ತ ಬಂದಿದ್ದಾನೆ. ಈಗ ಅಂಚೂ ಅವನಿಗೆ ಉಳಿದಿಲ್ಲ.

ಪ್ರಾಚೀನರ ವಿಚಾರ

ದಾರಿಯ ಹಕ್ಕಿನ ಪ್ರಶ್ನೆ ಹೊಸದಲ್ಲ. ಮನುಸ್ಮೃತಿಯ ಇತರ ಅನೇಕ ಮಾತುಗಳು ನಮಗೆ ಒಪ್ಪಿಗೆಯಾಗದಿರಬಹುದು. ಆದರೆ ಅದರ ಎರಡನೆಯ ಅಧ್ಯಾಯದಲ್ಲಿ ಯಾರಿಗೆ ದಾರಿ ಬಿಡಬೇಕೆಂಬ ವಿಚಾರ ಬಂದಿರುವುದು ಗಮನಾರ್ಹ. ಬಂಡಿಯಲ್ಲಿರುವವನು, ತೊಂಬತ್ತು ದಾಟಿದ ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ ಮೊದಲಾದವರು ಆ ಪಟ್ಟಿಯಲ್ಲಿದ್ದಾರೆ. ಬಂಡಿಗೆ ಅಲ್ಲಿ ಮೊದಲ ಸ್ಥಾನವೇಕೆ? ಎತ್ತಿನ ಬಂಡಿ ಥಟ್ಟನೆ ಪಕ್ಕಕ್ಕೆ ಸರಿಯಲಾರದು, ನಡೆಯುವವನು ಸರಿಯಬಲ್ಲನು. ಯಾರಿಗೆ ಸರಿಯುವುದು ಕಷ್ಟವೋ ಅವರಿಗೆ ದಾರಿ ಬಿಡಬೇಕೆಂಬುದೇ ಆ ಪಟ್ಟಿಯ ಒಳತಿರುಳೆಂದು ನನ್ನ ತಿಳಿವಳಿಕೆ. ಈ ತಿರುಳನ್ನು ಇಂದಿನ ಬೀದಿಗೆ ಅನ್ವಯಿಸಿದರೆ ಕ್ರಮ ತಲೆಕೆಳಗಾಗುತ್ತದೆ. ಇಂದು ಕಾಲಿನ ಒಂದು ಒತ್ತಿನಿಂದ ವಾಹನ ನಿಧಾನವಾಗಬಲ್ಲುದು. ರಸ್ತೆಯ ನಡುವೆ ಸಿಕ್ಕಿಬಿದ್ದ ವೃದ್ಧೆ ಒಂದು ಹೆಜ್ಜೆಯನ್ನೂ ಬೇಗ ಇಡಲಾರಳು.

ಅದೇ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ವಾಹನದಿಂದಾಗುವ ಅಪಘಾತಗಳಿಗೆ ದಂಡವನ್ನು ವಿಧಿಸುವ ಭಾಗವಿದೆ. ಮೂಗುದಾರ ಹರಿದಾಗ, ನೊಗ ಮುರಿದಾಗ, ಅಚ್ಚು ಮುರಿದಾಗ ಸಂಭವಿಸಿದ ಅನಾಹುತಕ್ಕೆ ದಂಡವಿಲ್ಲವೆಂದೂ, ‘ದಾರಿ ಬಿಡು’ ಎಂದು ಸಾರಥಿ ಕೂಗಿದ್ದರೆ ಅವನು ದಂಡಾರ್ಹನಲ್ಲವೆಂದೂ ಅಲ್ಲಿ ಹೇಳಿದೆ. ಅಂದಿನ ಆ ಕೂಗೇ ಇಂದಿನ ಹಾರ್ನ್. ಈಗಿನ ಕಾನೂನು ಇಲ್ಲಿ ಪ್ರಾಚೀನರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ‘ನಾನು ಹಾರ್ನ್ ಮಾಡಿದ್ದೆ’ ಎಂಬ ಒಂದೇ ಮಾತಿನಿಂದ ಚಾಲಕನ ಹೊಣೆ ಈಗ ಕಳೆಯುವುದಿಲ್ಲ. ಆದರೆ ಆ ಅಧ್ಯಾಯದ ಇನ್ನೊಂದು ಮಾತು ಇಂದಿಗೂ ಹೊಸದಾಗಿಯೇ ಇದೆ. ಸಾರಥಿ ನುರಿತವನಲ್ಲದಿದ್ದರೆ ದಂಡ ತೆರಬೇಕಾದವನು ಬಂಡಿಯ ಒಡೆಯ. ನುರಿಯದವನ ಕೈಗೆ ಹಗ್ಗ ಕೊಟ್ಟದ್ದೇ ಅಪರಾಧ. ನಮ್ಮ ಸಂಸತ್ತು 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯಲ್ಲಿ ಇದೇ ನ್ಯಾಯ ಕಾಣುತ್ತದೆ. ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಅವನ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ 3 ವರ್ಷಗಳವರೆಗೆ ಕಾರಾಗೃಹವಾಸವನ್ನೂ 25,000 ರೂಪಾಯಿ ದಂಡವನ್ನೂ ಅದು ವಿಧಿಸುತ್ತದೆ. ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ದೊರೆಯುವುದಿಲ್ಲ. ಒಂಬತ್ತನೆಯ ತರಗತಿಯ ಮಗನ ಕೈಗೆ ದ್ವಿಚಕ್ರ ವಾಹನದ ಬೀಗದ ಕೈ ಕೊಟ್ಟು ಶಾಲೆಗೆ ಕಳುಹಿಸುವ ತಂದೆತಾಯಿಗಳು ಇದನ್ನು ಮನನ ಮಾಡಬೇಕು.

ಕಾನೂನು ಏನು ಹೇಳುತ್ತದೆ

ಪಾದಚಾರಿಯ ಹಕ್ಕನ್ನು ನಮ್ಮ ಕಾನೂನು ಸಂದೇಹಕ್ಕೆಡೆಯಿಲ್ಲದಂತೆ ಹೇಳಿದೆ. 1989ರಲ್ಲಿ ಜಾರಿಗೆ ಬಂದ ರಸ್ತೆ ನಿಯಮಗಳಲ್ಲಿಯೇ, ನಿಯಂತ್ರಣವಿಲ್ಲದ ದಾಟುಪಟ್ಟೆಗಳಲ್ಲಿ ಮೊದಲ ಹಕ್ಕು ಪಾದಚಾರಿಯದೆಂದೂ, ನಡೆಯುವವರಿಗೆ ಮೀಸಲಾದ ಮಾರ್ಗದ ಮೇಲೆ ವಾಹನ ಚಲಿಸಕೂಡದೆಂದೂ ಇತ್ತು. 2017ರಲ್ಲಿ ಬಂದ ಚಾಲನಾ ನಿಬಂಧನೆಗಳು ಆ ನಿಯಮಗಳ ಸ್ಥಾನವನ್ನು ಪಡೆದು, ದಾಟುಪಟ್ಟೆಯನ್ನು ಸಮೀಪಿಸುವ ಚಾಲಕನು ವೇಗ ತಗ್ಗಿಸಿ, ನಿಂತು, ದಾಟುವವರಿಗೆ ದಾರಿ ಬಿಡಬೇಕೆಂದು ವಿಧಿಸಿದವು. ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ, ಅಡೆತಡೆಯಿಲ್ಲದ ಪಾದಚಾರಿ ಮಾರ್ಗದ ಹಕ್ಕು ಸಂವಿಧಾನದ 21ನೆಯ ವಿಧಿಯು ನೀಡಿರುವ ಜೀವಿಸುವ ಹಕ್ಕಿನ ಅಂಗವೇ ಎಂದು ಸಾರಿತು. ಬೀದಿಯಲ್ಲಿ ನಡೆಯುವುದು ವಾಹನದವರು ತೋರುವ ಔದಾರ್ಯವಲ್ಲ, ನಾಗರಿಕನ ಮೂಲಭೂತ ಹಕ್ಕು ಎಂಬುದು ಇದರ ತಾತ್ಪರ್ಯ.

ಹಕ್ಕು ಇಷ್ಟು ಸ್ಪಷ್ಟವಾಗಿರುವಾಗ ಫಲವೇನು? ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನರು ಮರಣ ಹೊಂದಿದರು. ಅವರಲ್ಲಿ 32,825 ಜನರು ಪಾದಚಾರಿಗಳು. ಎಂದರೆ ದಿನವೊಂದಕ್ಕೆ ಸುಮಾರು ತೊಂಬತ್ತು ಜನ. ನಮ್ಮ ಶಾಲೆಯ ಎರಡು ತರಗತಿಗಳ ಮಕ್ಕಳಷ್ಟು ಮಂದಿ ಪ್ರತಿದಿನವೂ ಬೀದಿಯಲ್ಲಿ ನಡೆಯುತ್ತಿದ್ದಾಗಲೇ ಪ್ರಾಣ ಕಳೆದುಕೊಳ್ಳುತ್ತಾರೆಂದರೆ ಹೃದಯ ನಡುಗದೇ? ಗ್ರಂಥದಲ್ಲಿರುವ ಹಕ್ಕಿಗೂ ಬೀದಿಯಲ್ಲಿರುವ ಸ್ಥಿತಿಗೂ ನಡುವೆ ಇರುವ ಈ ಕಂದರಕ್ಕೆ ಸೇತುವೆಯಾಗಬೇಕಾದವರೇ ಆರಕ್ಷಕರು.

ವೇಗದ ಗಣಿತ

ಆರಕ್ಷಕರು ಪಾದಚಾರಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ, ಕೈ ಹಿಡಿದು ದಾಟಿಸುವುದೆಂದು ಅನೇಕರು ಉತ್ತರ ಕೊಟ್ಟಾರು. ಅದು ಒಳ್ಳೆಯದೇ, ಆದರೆ ಅದಕ್ಕಿಂತ ದೊಡ್ಡದು ವೇಗವನ್ನು ತಗ್ಗಿಸುವುದು. ಇದಕ್ಕೆ ಸರಳವಾದ ಲೆಕ್ಕವೊಂದಿದೆ.

ಚಾಲಕನು ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಆ ಒಂದು ಸೆಕೆಂಡಿನಲ್ಲಿ ವಾಹನ ಅದೇ ವೇಗದಲ್ಲಿ ಮುಂದೆ ಓಡುತ್ತಲೇ ಇರುತ್ತದೆ. ಅನಂತರ ಬ್ರೇಕ್ ಹಿಡಿದು ನಿಲ್ಲುವವರೆಗೆ ಇನ್ನಷ್ಟು ದೂರ ಹೋಗುತ್ತದೆ. ಒಣಗಿದ ಒಳ್ಳೆಯ ರಸ್ತೆಯ ಮೇಲೆ ಒಂದು ಕಾರು ಗಂಟೆಗೆ 30 ಕಿಲೋಮೀಟರು ವೇಗದಲ್ಲಿದ್ದರೆ ಒಟ್ಟು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. ವೇಗ 50 ಆದರೆ ಸುಮಾರು 28 ಮೀಟರು, 70 ಆದರೆ ಸುಮಾರು 46 ಮೀಟರು ಬೇಕು. ರಸ್ತೆ ಮಳೆಗೆ ನೆನೆದಿದ್ದರೆ, ಲಾರಿ ಹೊರೆ ಹೊತ್ತಿದ್ದರೆ ಈ ದೂರ ಇನ್ನೂ ಹೆಚ್ಚು. 20 ಮೀಟರು ಮುಂದೆ ಒಂದು ಮಗು ರಸ್ತೆಗಿಳಿಯಿತೆಂದು ಭಾವಿಸಿ. 30ರ ವೇಗದ ಕಾರು ಮಗುವಿಗಿಂತ ಏಳು ಮೀಟರು ಹಿಂದೆಯೇ ನಿಲ್ಲುತ್ತದೆ. 50ರ ವೇಗದ ಕಾರು ಮಗುವನ್ನು ಮುಟ್ಟುವಾಗ ಇನ್ನೂ ಓಡುತ್ತಿರುತ್ತದೆ. ಚಾಲಕರಿಬ್ಬರೂ ಸಜ್ಜನರೇ ಇರಬಹುದು, ಇಬ್ಬರೂ ಒಂದೇ ಕ್ಷಣದಲ್ಲಿ ಬ್ರೇಕ್ ಒತ್ತಿರಬಹುದು. ವ್ಯತ್ಯಾಸವಿರುವುದು ವೇಗದಲ್ಲಿ ಮಾತ್ರ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆಂಬುದನ್ನು ನಮ್ಮ ವಿಜ್ಞಾನದ ಅಧ್ಯಾಪಕರು ಪಾಠದಲ್ಲಿ ಹೇಳುತ್ತಾರೆ. ಅದರ ಅರ್ಥವನ್ನು ಮೈಮೇಲೆ ಹೊರುವವನು ಪಾದಚಾರಿ.

ದಾಟುವವನ ಲೆಕ್ಕವನ್ನೂ ಹಾಕೋಣ. ಹತ್ತು ಮೀಟರು ಅಗಲದ ರಸ್ತೆಯನ್ನು ದಾಟಲು ಗಟ್ಟಿಮುಟ್ಟಾದ ಯುವಕನಿಗೆ ಎಂಟು ಸೆಕೆಂಡು ಸಾಕು. ಕೋಲೂರಿ ನಡೆಯುವ ವೃದ್ಧನಿಗೆ ಹನ್ನೆರಡು ಸೆಕೆಂಡಾದರೂ ಬೇಕು. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಹನ್ನೆರಡು ಸೆಕೆಂಡಿನಲ್ಲಿ 200 ಮೀಟರು ಕ್ರಮಿಸುತ್ತದೆ. ವೃದ್ಧನು ಮೊದಲ ಹೆಜ್ಜೆ ಇಟ್ಟಾಗ ಆ ವಾಹನ ಎಲ್ಲೋ ದೂರದ ತಿರುವಿನಲ್ಲಿರುತ್ತದೆ. ಕೊನೆಯ ಹೆಜ್ಜೆ ಇಡುವಾಗ ಅವನ ಮೈಮೇಲಿರುತ್ತದೆ. ‘ಮುದುಕ ನೋಡದೆ ದಾಟಿದ’ ಎಂದು ಜನ ಹೇಳುತ್ತಾರೆ. ಅವನು ನೋಡಿಯೇ ದಾಟಿರುತ್ತಾನೆ. ಮಗುವಿನ ಕಷ್ಟ ಬೇರೆ ಬಗೆಯದು: ನಿಂತ ಕಾರಿನ ಮರೆಯಲ್ಲಿ ಅದರ ತಲೆಯೇ ಕಾಣುವುದಿಲ್ಲ, ಬರುತ್ತಿರುವ ವಾಹನದ ವೇಗವನ್ನು ಅಳೆಯುವ ಶಕ್ತಿ ಅದಕ್ಕೆ ಇನ್ನೂ ಬಂದಿರುವುದಿಲ್ಲ.

ಆರಕ್ಷಕರ ಆರು ಬಗೆಯ ಕಾಯಕ

ಇಷ್ಟನ್ನು ತಿಳಿದ ಮೇಲೆ ಆರಕ್ಷಕರ ಕಾರ್ಯವನ್ನು ಆರು ವಿಧವಾಗಿ ವಿಂಗಡಿಸಿ ನೋಡಬಹುದು.

ಮೊದಲನೆಯದು ನಿಯಂತ್ರಣ. ವೃತ್ತಗಳಲ್ಲಿ, ಶಾಲೆಗಳ ಮುಂದೆ, ಸಂತೆ ಜಾತ್ರೆಗಳಲ್ಲಿ ನಿಂತು ವಾಹನಗಳನ್ನು ತಡೆದು ನಡೆಯುವವರಿಗೆ ಅವಕಾಶ ಕಲ್ಪಿಸುವುದು. ಲೋಕದ ಮೊದಲ ಸಂಚಾರ ದೀಪವನ್ನು 1868ರ ಡಿಸೆಂಬರಿನಲ್ಲಿ ಲಂಡನ್ನಿನ ಸಂಸತ್ ಭವನದ ಬಳಿ ನಿಲ್ಲಿಸಿದಾಗ ಅದನ್ನು ಕೈಯಿಂದ ನಡೆಸುತ್ತಿದ್ದವನು ಒಬ್ಬ ಪೇದೆ. ಅನಿಲದಿಂದ ಉರಿಯುತ್ತಿದ್ದ ಆ ದೀಪ ಮರು ತಿಂಗಳೇ ಸಿಡಿದು ಅವನು ಗಾಯಗೊಂಡನು. ದೀಪಗಳು ಈಗ ತಾವಾಗಿಯೇ ಹೊತ್ತಿ ಆರುತ್ತವೆ. ಆದರೆ ವೃದ್ಧೆಯೊಬ್ಬಳು ಇನ್ನೂ ನಡುರಸ್ತೆಯಲ್ಲಿದ್ದಾಳೆಂದು ಕಂಡು ಇನ್ನೆರಡು ಗಳಿಗೆ ವಾಹನಗಳನ್ನು ತಡೆಯುವ ವಿವೇಕ ಪೇದೆಗುಂಟು.

ಎರಡನೆಯದು ವೇಗನಿಗ್ರಹ. ವೇಗವನ್ನಳೆಯುವ ಉಪಕರಣ, ಮದ್ಯಪಾನವನ್ನು ಪತ್ತೆ ಹಚ್ಚುವ ಉಸಿರಿನ ಪರೀಕ್ಷೆ, ಕ್ಯಾಮರಾ ಇವೆಲ್ಲ ಇದಕ್ಕೆ ಸಾಧನಗಳು. ನೂರು ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ನಡೆಸುವುದು ಅಪರಾಧ. 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಆ ವರ್ಷ ಸಾವುಗಳು ಮಿತಿಮೀರಿದಾಗ, ಆಗಸ್ಟ್ ಒಂದರಿಂದ ನಿಧಾನಗತಿಯ ವಾಹನಗಳನ್ನೂ ದ್ವಿಚಕ್ರ ವಾಹನಗಳನ್ನೂ ಅದರ ಮುಖ್ಯ ಪಥದಿಂದ ದೂರವಿರಿಸಲಾಯಿತು. ರಾಜ್ಯದ ಆರಕ್ಷಕರು ವೇಗದ ಮೇಲೆ ಕಣ್ಣಿಟ್ಟು ಕ್ಯಾಮರಾಗಳ ಮೂಲಕ ದಂಡ ವಿಧಿಸತೊಡಗಿದರು. 2024ರಲ್ಲಿ ಅಲ್ಲಿಯ ಸಾವುಗಳು ಬಹುವಾಗಿ ಇಳಿದವು. ದಂಡವನ್ನು ಸರ್ಕಾರದ ಬೊಕ್ಕಸ ತುಂಬುವ ಉಪಾಯವೆಂದು ಹಳಿಯುವವರಿದ್ದಾರೆ. ಅವರು ಈ ಉದಾಹರಣೆಯನ್ನು ನೆನೆಯಬೇಕು.

ಮೂರನೆಯದು ಮಾರ್ಗಶುದ್ಧಿ. ಪಾದಚಾರಿ ಮಾರ್ಗದ ಮೇಲೆ ನಿಂತ ವಾಹನ, ರಾಶಿ ಹಾಕಿದ ಇಟ್ಟಿಗೆ ಮರಳು, ಅದರ ಮೇಲೆಯೇ ಓಡುವ ದ್ವಿಚಕ್ರ ವಾಹನ ಇವುಗಳನ್ನು ನಿವಾರಿಸುವುದು. ಪಾದಚಾರಿ ಮಾರ್ಗದಲ್ಲಿ ನಡೆಯಲು ಕನಿಷ್ಠ 1.8 ಮೀಟರು ತೆರವಾದ ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಎದುರುಬದುರಾಗಿ ಬರುವ ಇಬ್ಬರು ಮೈ ತಾಗದೆ ಹೋಗಲು ಅಷ್ಟು ಬೇಕು. ಒಂದು ಕಾರು ಅದರ ಮೇಲೆ ನಿಂತರೆ ಅದು ಇದ್ದೂ ಇಲ್ಲದಂತೆಯೇ.

ನಾಲ್ಕನೆಯದು ಆಪತ್ಸಹಾಯ. ಬೀದಿಯಲ್ಲಿ ನಿಸ್ಸಹಾಯಕರಾದವರಿಗೆ ನೆರವಾಗುವುದನ್ನು 1963ರ ಕರ್ನಾಟಕ ಪೊಲೀಸ್ ಕಾಯಿದೆಯೇ ಆರಕ್ಷಕರ ಕರ್ತವ್ಯವೆಂದು ಹೇಳಿದೆ. ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದರೆ ಬದುಕುವ ಸಂಭವ ಹೆಚ್ಚು. ಹಿಂದೆ ಜನರು ಪೊಲೀಸು, ಕೋರ್ಟು, ಸಾಕ್ಷಿ ಎಂಬ ಭಯದಿಂದ ಗಾಯಾಳುವನ್ನು ಮುಟ್ಟುತ್ತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್ 30ರಂದು ಈ ಭಯವನ್ನು ನಿವಾರಿಸುವ ಮಾರ್ಗಸೂಚಿಗಳನ್ನು ಒಪ್ಪಿ ಜಾರಿಗೆ ತಂದಿತು. 2019ರ ತಿದ್ದುಪಡಿಯಿಂದ ಅದು ಕಾಯಿದೆಯ ಭಾಗವೇ ಆಯಿತು. ಸದುದ್ದೇಶದಿಂದ ನೆರವಾದವನನ್ನು ಹೆಸರು ವಿಳಾಸ ಹೇಳೆಂದು ಬಲವಂತಪಡಿಸುವಂತಿಲ್ಲ. 2025ರಿಂದ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ನಗದು ರಹಿತ ಚಿಕಿತ್ಸೆ ಕೊಡಿಸುವ ಯೋಜನೆಯೂ ಬಂದಿದೆ. 112 ಮತ್ತು 108 ಎಂಬ ಎರಡು ಸಂಖ್ಯೆಗಳು ನಮ್ಮ ಪ್ರತಿ ವಿದ್ಯಾರ್ಥಿಗೂ ಮಗ್ಗಿಯಂತೆ ಬಾಯಿಪಾಠವಾಗಿರಬೇಕು.

ಐದನೆಯದು ತನಿಖೆ. ತನಿಖೆಯೆಂದರೆ ತಪ್ಪಿತಸ್ಥನನ್ನು ಹಿಡಿಯುವುದಷ್ಟೇ ಎಂದು ನಾವು ತಿಳಿದಿದ್ದೇವೆ. 2024ರ ಜುಲೈ ಒಂದರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವುಂಟುಮಾಡಿದವನಿಗೆ 5 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಆದರೆ ತನಿಖೆಗೆ ಇನ್ನೊಂದು ಪ್ರಯೋಜನವಿದೆ. ಅಪಘಾತ ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕಾರಣದಿಂದ ಆಯಿತೆಂಬ ವಿವರವನ್ನು ಆರಕ್ಷಕರು ದಾಖಲಿಸಿದಾಗ ರಸ್ತೆಯ ದೋಷ ಹೊರಬೀಳುತ್ತದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರು ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾಗಿದ್ದರೆ, ಇಲ್ಲವೇ ಹತ್ತು ಸಾವುಗಳಾಗಿದ್ದರೆ ಅದನ್ನು ‘ಕಪ್ಪು ಚುಕ್ಕೆ’ ಎಂದು ಗುರುತಿಸಿ ಸರಿಪಡಿಸಬೇಕು. ಪೇದೆಯು ಬರೆದ ಒಂದು ಸಾಲಿನ ವಿವರ ಮುಂದಿನ ಹತ್ತು ಜನರನ್ನು ಉಳಿಸಬಲ್ಲುದು.

ಆರನೆಯದು ಬೋಧನೆ. ಕೇರಳದಲ್ಲಿ 2010ರಲ್ಲಿ ಆರಂಭವಾಗಿ 2018ರಲ್ಲಿ ರಾಷ್ಟ್ರಮಟ್ಟಕ್ಕೆ ವಿಸ್ತರಿಸಿದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆಯಲ್ಲಿ ಆರಕ್ಷಕರು ಶಾಲೆಗಳಿಗೇ ಬಂದು ಮಕ್ಕಳೊಡನೆ ಬೆರೆಯುತ್ತಾರೆ. ಬೋಧನೆಗೆ ಇನ್ನೊಂದು ತಾಣವೂ ಉಂಟು, ಅದು ಪಾದಯಾತ್ರೆ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಬಿಸಿಲಿಗೆ ಅಂಜಿ ಅವರು ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ನಡೆಯುವುದೇ ಹೆಚ್ಚು. ಪಾದಚಾರಿ ಮಾರ್ಗವಿಲ್ಲದ ಕಡೆ ರಸ್ತೆಯ ಬಲಗಡೆಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ, ಸಾಲಾಗಿ ನಡೆಯಬೇಕು. ಕಂಬಳಿ ಹೊದ್ದಿದ್ದರೆ ಅದರ ಮೇಲೆ ಹೊಳೆಯುವ ಪಟ್ಟಿ ಇರಬೇಕು. ಮುಂದಿರುವವನೂ ಹಿಂದಿರುವವನೂ ದೀಪ ಹಿಡಿದಿರಬೇಕು. ದಾಸೋಹ ನಡೆಸುವವರು ಪ್ರಸಾದದೊಡನೆ ಇಂತಹ ಒಂದೊಂದು ಪಟ್ಟಿಯನ್ನೂ ಕೊಟ್ಟರೆ ಅದು ಪ್ರಾಣದಾನವೇ ಆದೀತು.

ನನ್ನದೊಂದು ತಪ್ಪು

ಇಲ್ಲಿ ನನ್ನ ಅನುಭವವೊಂದನ್ನು ಹೇಳದಿದ್ದರೆ ಮೇಲಿನದೆಲ್ಲ ಪರೋಪದೇಶವಾದೀತು. 2009ರ ವಾರ್ಷಿಕೋತ್ಸವದ ದಿನ. ಅತಿಥಿಗಳೂ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ದೊಡ್ಡ ಸಂಖ್ಯೆಯಲ್ಲಿ ಬಂದಿದ್ದರು. ಅವರ ಕಾರುಗಳು ಮಹಾದ್ವಾರದಿಂದ ಎರಡೂ ಕಡೆಗೆ ಪಾದಚಾರಿ ಮಾರ್ಗದ ಮೇಲೆಯೇ ಸಾಲಾಗಿ ನಿಂತಿದ್ದವು. ಮಕ್ಕಳು ಅನಿವಾರ್ಯವಾಗಿ ರಸ್ತೆಗಿಳಿದು ನಡೆಯುತ್ತಿದ್ದರು. ಅಂದು ಅಲ್ಲಿ ಕರ್ತವ್ಯದಲ್ಲಿದ್ದ ಪೇದೆ ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವನು, ನನ್ನ ಶಿಷ್ಯ. ಸ್ವಾಗತ ಸಮಿತಿಯ ಬಿಲ್ಲೆ ಧರಿಸಿ ನಿಂತಿದ್ದ ನನ್ನ ಬಳಿಗೆ ಬಂದು, “ಗುರುಗಳೇ, ಈ ಕಾರುಗಳನ್ನು ಹಿಂದಿನ ಮೈದಾನಕ್ಕೆ ಕಳಿಸಬೇಕು. ಮಕ್ಕಳು ರಸ್ತೆಯಲ್ಲಿ ನಡೀತಾ ಇದ್ದಾರೆ” ಎಂದನು.

“ಇವತ್ತೊಂದು ದಿನ ಬಿಡಪ್ಪಾ. ದೊಡ್ಡವರ ವಾಹನಗಳು. ಕರೆಸಿದವರು ನಾವೇ” ಎಂದೆನು.

ಅವನು ಮರುಮಾತಾಡಲಿಲ್ಲ. ಕಾರುಗಳ ಸಾಲಿನ ಕೊನೆಗೆ ಹೋಗಿ, ತಾನೇ ಗೋಡೆಯಂತೆ ನಿಂತು ಮಕ್ಕಳನ್ನು ಬದಿಗೆ ಸೇರಿಸಿ ಕಳುಹಿಸತೊಡಗಿದನು. ಸಂಜೆ ಸಭೆ ಮುಗಿದು ಅತಿಥಿಗಳೊಬ್ಬರ ವಾಹನ ಹೊರಡುವಾಗ ದಾರಿ ಬಿಡಿಸಲೆಂದು ಅವನನ್ನು ಮಹಾದ್ವಾರಕ್ಕೆ ಕರೆದರು. ಕರೆದವರಲ್ಲಿ ನಾನೂ ಒಬ್ಬ. ಅವನು ಆ ಸ್ಥಳವನ್ನು ಬಿಟ್ಟು ಐದು ನಿಮಿಷವಾಗಿರಲಿಲ್ಲ. ನಿಂತ ಕಾರುಗಳ ಮರೆಯಿಂದ ರಸ್ತೆಗೆ ಬಂದ ಆರನೆಯ ತರಗತಿಯ ಹುಡುಗನೊಬ್ಬನಿಗೆ ಸರಕಿನ ಟೆಂಪೋ ಒಂದು ಬಡಿಯಿತು. ಓಡಿ ಬಂದು ಅವನನ್ನೆತ್ತಿಕೊಂಡು ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಒಯ್ದವನು ಅದೇ ಪೇದೆ. ತೊಡೆಯ ಮೂಳೆ ಮುರಿದಿತ್ತು. ಹುಡುಗ ಬದುಕಿದನು, ಮುಂದೆ ಓದಿ ಉದ್ಯೋಗಸ್ಥನೂ ಆದನು. ಆದರೆ ಈಗಲೂ ಅವನು ನಡೆಯುವಾಗ ಎಡಗಾಲನ್ನು ತುಸು ಎಳೆದು ಹಾಕುತ್ತಾನೆ. ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಬಂದು ನನ್ನ ಕಾಲಿಗೆರಗಿದಾಗಲೆಲ್ಲ ನನ್ನ ತಲೆ ತಾನಾಗಿ ಬಾಗುತ್ತದೆ.

ಟೆಂಪೋ ಚಾಲಕನ ಮೇಲೆ ಮೊಕದ್ದಮೆಯಾಯಿತು. ಆದರೆ ಆ ದಿನ ಕಾನೂನು ತನ್ನ ಕೈಯನ್ನೆತ್ತಿತ್ತು. ಆ ಕೈಯನ್ನು ಕೆಳಗಿಳಿಸಿದವನು ನಾನು. ಒಬ್ಬ ಪೇದೆ ತನ್ನ ಕರ್ತವ್ಯವನ್ನು ಮಾಡಲಾಗದೆ ಹೋಗುವುದು ಬಹುಮಟ್ಟಿಗೆ ಹೀಗೆಯೇ. ಎದುರಾಳಿ ದುರ್ಜನನಾಗಿದ್ದರೆ ಅವನು ಗಟ್ಟಿಯಾಗಿ ನಿಂತಾನು. ಗೌರವಾನ್ವಿತರು ಮೃದುವಾಗಿ ‘ಬಿಡಪ್ಪಾ’ ಎಂದಾಗ ಅವನು ನಿರುಪಾಯನಾಗುತ್ತಾನೆ. ನಡೆಯುವವರನ್ನು ಕಾಯಲೆಂದು ನಿಂತವನನ್ನು ವಾಹನಕ್ಕೆ ದಾರಿ ಬಿಡಿಸಲು ಕರೆದೆವಲ್ಲ, ಆ ಒಂದು ಗಳಿಗೆಯಲ್ಲಿ ಈ ಸಮಸ್ಯೆಯೆಲ್ಲ ಅಡಗಿದೆ.

ಮರುವರ್ಷದಿಂದ ನಮ್ಮಲ್ಲಿ ವ್ಯವಸ್ಥೆ ಬದಲಾಯಿತು. ಉತ್ಸವದ ವಾಹನಗಳೆಲ್ಲ ಹಿಂದಿನ ಮೈದಾನಕ್ಕೆ ಹೋಗುತ್ತವೆ. ಮಹಾದ್ವಾರದ ಎರಡೂ ಬದಿಗೆ ಹಗ್ಗ ಕಟ್ಟಿ ಅಧ್ಯಾಪಕರಿಬ್ಬರು ನಿಲ್ಲುತ್ತಾರೆ. ಆ ಇಬ್ಬರಲ್ಲಿ ಒಬ್ಬನಾಗಿ ನಿಲ್ಲುವುದನ್ನು ನಾನು ಒಂದು ವರ್ಷವೂ ತಪ್ಪಿಸಿಲ್ಲ.

ನಮ್ಮ ಪಾಲಿನದು

ಆರಕ್ಷಕರೇ ಎಲ್ಲವನ್ನೂ ಮಾಡಲಾರರು. ರಸ್ತೆಯ ರಚನೆ ಇಂಜಿನಿಯರರದು, ಪಾದಚಾರಿ ಮಾರ್ಗ ಸ್ಥಳೀಯ ಸಂಸ್ಥೆಯದು, ಪರವಾನಗಿ ಸಾರಿಗೆ ಇಲಾಖೆಯದು. ಆರಕ್ಷಕರಲ್ಲಿಯೂ ಕುಂದುಗಳುಂಟು. ಶಿರಸ್ತ್ರಾಣವಿಲ್ಲದವನನ್ನು ಹಿಡಿಯಲು ತೋರುವ ಉತ್ಸಾಹವನ್ನು ದಾಟುಪಟ್ಟೆಯ ಮೇಲೆ ವಾಹನ ನಿಲ್ಲಿಸಿದವನ ಬಗ್ಗೆ ತೋರದಿರುವುದನ್ನೂ, ವಾಹನಗಳು ಸರಾಗವಾಗಿ ಹರಿದರೆ ಕೆಲಸವಾಯಿತೆಂದು ಭಾವಿಸುವುದನ್ನೂ ನಾವು ಕಾಣುತ್ತೇವೆ. ಬೀದಿಯ ಸುವ್ಯವಸ್ಥೆಯನ್ನು ಎಷ್ಟು ವಾಹನಗಳು ಬೇಗ ಹೋದವೆಂಬುದರಿಂದ ಅಳೆಯಬಾರದು. ಅತಿ ನಿಧಾನವಾಗಿ ನಡೆಯುವವನು ನಿರ್ಭಯವಾಗಿ ದಾಟಿದನೇ ಎಂಬುದರಿಂದ ಅಳೆಯಬೇಕು. ಈ ಅಳತೆಗೋಲನ್ನು ಅವರ ಕೈಗೆ ಕೊಡಬೇಕಾದವರೂ ನಾವೇ.

ಆದುದರಿಂದ ಮೂರು ವಿನಂತಿಗಳು. ಅಧ್ಯಾಪಕ ಬಂಧುಗಳು ಶಾಲೆ ಆರಂಭವಾಗುವ ಹಾಗೂ ಬಿಡುವ ಹೊತ್ತಿನಲ್ಲಿ ಸರದಿಯಂತೆ ಪೇದೆಯೊಡನೆ ನಿಲ್ಲಲಿ. ಮಕ್ಕಳು ಎಲ್ಲಿ ದಾಟುತ್ತಾರೆ, ಎಲ್ಲಿ ಅಪಾಯ ತಪ್ಪಿತು ಎಂಬುದನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಲಿ. ಠಾಣೆಗೆ ಕೊಡುವ ಮನವಿಗೆ ಆ ಪುಸ್ತಕಕ್ಕಿಂತ ಬಲವಾದ ಆಧಾರವಿಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಉಕ್ಕುಪಟ್ಟೆಯ ಮೇಲೆ, ಅಲ್ಲ, ದಾಟುಪಟ್ಟೆಯ ಹಿಂದೆ ತಮ್ಮ ವಾಹನವನ್ನು ನಿಲ್ಲಿಸಿ ನಡೆಯುವವರಿಗೆ ದಾರಿ ಬಿಡಲಿ. ಮಾತೃಸಂಸ್ಥೆಗೆ ಅದೂ ಒಂದು ಗುರುದಕ್ಷಿಣೆ. ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ, ಪ್ರಸಾದನಿಲಯಕ್ಕೆ ನೆರವಾಗಿದ್ದಾರೆ. ಅವರ ಉಪಕಾರವನ್ನು ಮರೆಯಲಾಗದು. ಆ ಕೊಠಡಿಗೆ ಮಗು ಕ್ಷೇಮವಾಗಿ ಬಂದು ಸೇರುವ ದಾರಿಯ ಕಡೆಗೂ ಅವರ ದೃಷ್ಟಿ ಹರಿಯಲಿ. ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಪಡೆದು ಮಹಾದ್ವಾರದ ಮುಂದೆ ಒಂದು ಕಂಬಿಬೇಲಿ, ಒಂದು ಒಳ್ಳೆಯ ದೀಪ, ಎದ್ದು ಕಾಣುವ ಒಂದು ಫಲಕ ಇಷ್ಟಾದರೂ ಆಗಬೇಕಾಗಿದೆ.

ಕಡೆಯದಾಗಿ ಒಂದು ಮಾತು. ಈ ಸಂಚಿಕೆ ಬಿಡುಗಡೆಯಾಗುವ ದಿನವೂ ನಮ್ಮ ಮಹಾದ್ವಾರದ ಮುಂದೆ ಒಬ್ಬ ಪೇದೆ ನಿಂತಿರುತ್ತಾರೆ. ತಮ್ಮ ವಾಹನವನ್ನು ತಡೆದು, ಹಿಂದಿನ ಮೈದಾನಕ್ಕೆ ಹೋಗಿರೆಂದು ಅವರು ಕೈ ತೋರಿಸಬಹುದು. ಅಲ್ಲಿಂದ ಸಭಾಮಂಟಪಕ್ಕೆ ಇನ್ನೂರು ಹೆಜ್ಜೆ ನಡೆಯಬೇಕಾಗುತ್ತದೆ. ದಯಮಾಡಿ ಆ ಇನ್ನೂರು ಹೆಜ್ಜೆಗಳನ್ನು ಸಂತೋಷದಿಂದ ನಡೆಯಬೇಕೆಂದೂ, ಆ ಕೈಯನ್ನು ಯಾರೂ ಕೆಳಗಿಳಿಸಬಾರದೆಂದೂ ಎಲ್ಲರಲ್ಲಿಯೂ ಪ್ರಾರ್ಥಿಸಿ ವಿರಮಿಸುತ್ತೇನೆ.